ಯಾವ ತಿಂಗಳಾಗ?

ಹುಬ್ಬಳ್ಳಿಗೆ ಹೋಗುವ ಎಟಿಆರ್ ವಿಮಾನದ ರೆಕ್ಕೆ ತಲೆಯ ಮೇಲಿರುತ್ತದೆ. ಕಿಟಕಿ ಪಕ್ಕ ಕೂತವರಿಗೆ ನೆಲ ಪೂರ್ತಿ ಕಾಣುತ್ತದೆ. ಬೆಂಗಳೂರು ಬಿಟ್ಟ ಮೇಲೆ ಬಹಳ ಹೊತ್ತು ಕೆಂಪು ನೆಲ, ಬಂಡೆ, ಅಲ್ಲಲ್ಲಿ ಕೆರೆಗಳ ಹೊಳಪು. ಹುಬ್ಬಳ್ಳಿ ಹತ್ತಿರವಾದಂತೆ ನೆಲ ಕಪ್ಪಾಗುತ್ತದೆ, ಮರಗಳು ಚದುರುತ್ತವೆ, ಹೊಲಗಳು ಉದ್ದುದ್ದಕ್ಕೆ ಚಾಚಿಕೊಳ್ಳುತ್ತವೆ. ಸಂಕ್ರಾಂತಿ ಮುಗಿದಿತ್ತು. ನಾನು ಹೊರಟಿದ್ದದ್ದು ಚಿಕ್ಕನರಗುಂದಕ್ಕೆ, ಗೆಳೆಯನ ಹೊಲದಲ್ಲಿ ಹಸಿಜೋಳ ಸುಟ್ಟ ಸೀತನಿ ತಿನ್ನಲು. ತೊಡೆಯ ಮೇಲೆ ತೆರೆದುಕೊಂಡಿದ್ದ ಪುಸ್ತಕ ಮಾತ್ರ ನೀರಿನ ಮೇಲೆ ಇಳಿಯುವ ವಿಮಾನಗಳದ್ದು. ಅದರಲ್ಲೂ ಎಂಜಿನ್ ನಿಂತರೆ ಏನು ಮಾಡಬೇಕು ಎನ್ನುವ ಅಧ್ಯಾಯ. ಪಕ್ಕದಲ್ಲೇ ಪ್ರೊಪೆಲ್ಲರ್ ಗಿರಗುಟ್ಟುತ್ತಿರುವಾಗ ಓದುವಂಥದ್ದಲ್ಲ, ಒಪ್ಪುತ್ತೇನೆ. ಎಟಿಆರ್‌ಗೆ ಎರಡು ಎಂಜಿನ್, ಒಂದು ನಿಂತರೂ ಇನ್ನೊಂದರ ಮೇಲೆ ಹೋಗಿ ಇಳಿಯುತ್ತದೆ ಎಂಬ ಧೈರ್ಯದಿಂದ ಓದಿದೆ.

ಸಣ್ಣ ಸೀಪ್ಲೇನ್‌ಗಳಿಗೆ ಆ ಧೈರ್ಯವಿಲ್ಲ. ಹೆಚ್ಚಿನವಕ್ಕೆ ಒಂದೇ ಎಂಜಿನ್. ಚಕ್ರಗಳಿರಬೇಕಾದ ಜಾಗದಲ್ಲಿ ದೋಣಿಯಾಕಾರದ ಎರಡು ತೇಲುಗಳನ್ನು ಕಟ್ಟಿರುತ್ತಾರೆ. ಗಾಳಿಯಲ್ಲಿ ಅವು ಬರೀ ಹೊರೆ. ಚಕ್ರದ ಮೇಲೆ ಓಡಾಡುವ ಸೆಸ್ನಾ 172 ವಿಮಾನದ ಎಂಜಿನ್ ನಿಂತರೆ, ಒಂದು ಅಡಿ ಇಳಿಯುವಷ್ಟರಲ್ಲಿ ಸುಮಾರು ಒಂಬತ್ತು ಅಡಿ ಮುಂದೆ ತೇಲಿಕೊಂಡು ಹೋಗುತ್ತದೆ. ತೇಲು ಕಟ್ಟಿದರೆ ಅಷ್ಟು ದೂರವೂ ಹೋಗದು. ಒಂದಕ್ಕೆ ಎಂಟು ಎಂದೇ ಹಿಡಿದರೂ, ಮೂರು ಸಾವಿರ ಅಡಿ ಎತ್ತರದಲ್ಲಿ ಎಂಜಿನ್ ಸುಮ್ಮನಾದವನಿಗೆ ಏಳು ಕಿಲೋಮೀಟರಿನ ಆಸುಪಾಸು ನೆಲ ದಕ್ಕುತ್ತದೆ. ಸಮಯ ಮೂರು ಮೂರೂವರೆ ನಿಮಿಷ. ಅಷ್ಟರಲ್ಲಿ ಮೂತಿ ತಗ್ಗಿಸಿ ವೇಗ ಉಳಿಸಿಕೊಳ್ಳಬೇಕು. ಇಳಿಯುವ ಜಾಗ ಆರಿಸಬೇಕು. ಇಂಧನದ ಟ್ಯಾಂಕ್ ಬದಲಿಸಿ ಎಂಜಿನ್ ಮತ್ತೆ ಹೊತ್ತುತ್ತದೆಯೇ ನೋಡಬೇಕು. ರೇಡಿಯೋದಲ್ಲಿ ಮಾತಾಡುವುದು ಕೊನೆಗೆ, ಪುರುಸೊತ್ತಿದ್ದರೆ. ನೆಲ ಮುಟ್ಟುವ ಮುಂಚೆ ಬಾಗಿಲಿನ ಚಿಲಕ ಬಿಡಿಸಿಡಬೇಕು. ಹೊಡೆತಕ್ಕೆ ಚೌಕಟ್ಟು ಸೊಟ್ಟಗಾದರೆ ಒಳಗಿದ್ದವರು ಒಳಗೇ ಉಳಿಯುತ್ತಾರೆ. ಇಡೀ ಅಧ್ಯಾಯದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಈ ಚಿಲಕದ ಸಾಲು. ಎಷ್ಟೋ ಜನ ಇಳಿದೂ ಬದುಕದೆ ಹೋದ ಮೇಲೆ ಬರೆದ ಸಾಲಿನಂತಿದೆ.

ಕೆಳಗೆ ನೀರಿದ್ದರೆ ಗೆದ್ದ ಹಾಗೆ ಎಂದುಕೊಳ್ಳುವುದೂ ಅಷ್ಟು ಸರಿಯಲ್ಲ. ಸೀಪ್ಲೇನ್ ಪೈಲಟ್‌ಗಳು ಅಂಜುವುದು ಅಲೆಗಳಿಗಷ್ಟೇ ಅಲ್ಲ, ಅಲೆಯೇ ಇಲ್ಲದ ನೀರಿಗೂ. ಗಾಳಿ ಸತ್ತ ಮುಂಜಾನೆ ಕೆರೆ ಕನ್ನಡಿಯಾದಾಗ ಮೇಲ್ಮೈ ಎಲ್ಲಿ ಶುರುವಾಗುತ್ತದೆ ಎಂಬುದು ಕಣ್ಣಿಗೆ ತಿಳಿಯುವುದಿಲ್ಲ. ಇನ್ನೂ ಮೂವತ್ತು ಅಡಿ ಇದೆ ಎಂದುಕೊಂಡವನು ನೀರಿಗೆ ಅಪ್ಪಳಿಸಿರುತ್ತಾನೆ. ಅದಕ್ಕೇ ದಡದ ಗಿಡಗಂಟಿ ಓರೆಗಣ್ಣಿಗೆ ಕಾಣುವಂತೆ, ದಡಕ್ಕೆ ಸಮಾನಾಂತರವಾಗಿ ಇಳಿ ಎನ್ನುತ್ತಾರೆ. ಇಳಿದ ಮೇಲೂ ಕತೆ ಮುಗಿಯದು. ನೀರಿನ ಮೇಲೆ ಬ್ರೇಕ್ ಇಲ್ಲ. ಎಂಜಿನ್ ಸತ್ತ ಸೀಪ್ಲೇನ್ ಗಾಳಿಗೆ ಮುಖ ತಿರುಗಿಸಿಕೊಂಡು ಹಿಂದಕ್ಕೆ ಸರಿಯತೊಡಗುತ್ತದೆ. ಅದಕ್ಕೆಂದೇ ತೇಲಿನ ಮೇಲೆ ಒಂದು ಹುಟ್ಟು ಸಿಕ್ಕಿಸಿಟ್ಟಿರುತ್ತಾರೆ. ಅಷ್ಟೆಲ್ಲ ಯಂತ್ರ, ಅಷ್ಟೆಲ್ಲ ಮೀಟರು, ಕಡೆಗೆ ಅಂಬಿಗನ ಹುಟ್ಟು. ಇನ್ನು ನೆಲ ನೀರು ಎರಡಕ್ಕೂ ಒಗ್ಗುವ, ಚಕ್ರ ಒಳಗೆಳೆದುಕೊಳ್ಳುವ ಜಾತಿಯ ವಿಮಾನಗಳಿವೆ. ಅಂಥದ್ದರ ಪೈಲಟ್ ಮರೆತು ಚಕ್ರ ಕೆಳಗಿಟ್ಟೇ ನೀರಿಗಿಳಿದರೆ ವಿಮಾನ ಮುಗ್ಗರಿಸಿ ಮಗುಚುತ್ತದೆ. ಇದಕ್ಕೆ ತಿರುವುಮುರುವಾಗಿ, ಬರೀ ತೇಲಿರುವ ವಿಮಾನ ಒದ್ದೆ ಹುಲ್ಲಿನ ಮೇಲೆ ಜಾರಿಕೊಂಡು ಇಳಿದು ಹೆಚ್ಚಿನ ಗಾಯವಿಲ್ಲದೆ ನಿಂತದ್ದುಂಟು. ಕೆಳಗಿರುವುದು ನೀರೋ ನೆಲವೋ ಎನ್ನುವುದಕ್ಕಿಂತ ಎಂಥ ನೀರು, ಎಂಥ ನೆಲ ಎನ್ನುವುದು ಮುಖ್ಯ.

ನಮ್ಮ ರಾಜ್ಯಕ್ಕೂ ನೀರಿಗಿಳಿಯುವ ವಿಮಾನಕ್ಕೂ ಹಳೆಯ ನಂಟಿದೆ. 1940ರ ಡಿಸೆಂಬರಿನಲ್ಲಿ ಉದ್ಯಮಿ ವಾಲ್‌ಚಂದ್ ಹೀರಾಚಂದ್ ಮೈಸೂರು ಸರ್ಕಾರದ ಜೊತೆಗೂಡಿ ಬೆಂಗಳೂರಿನಲ್ಲಿ ಹಿಂದೂಸ್ಥಾನ್ ವಿಮಾನ ಕಾರ್ಖಾನೆ ತೆರೆದರು. ಯುದ್ಧ ಬಿಸಿಯೇರಿದಾಗ ಅದು ಅಮೆರಿಕದ ಸೇನೆಯ ವಿಮಾನಗಳ ರಿಪೇರಿ ತಾಣವಾಯಿತು. ಕ್ಯಾಟಲಿನಾ ಎಂಬ ಹಾರುದೋಣಿಗಳು, ಅಂದರೆ ಹೊಟ್ಟೆಯೇ ದೋಣಿಯಾದ ಎರಡು ಎಂಜಿನ್ನಿನ ವಿಮಾನಗಳು, ಅಲ್ಲಿಗೆ ರಿಪೇರಿಗೆ ಬರುತ್ತಿದ್ದವು. ಇಳಿಯುತ್ತಿದ್ದದ್ದು ಬೆಳ್ಳಂದೂರು ಕೆರೆಯಲ್ಲಿ. ಸಮುದ್ರದಿಂದ ಇಷ್ಟು ದೂರದ, ಮೂರು ಸಾವಿರ ಅಡಿ ಎತ್ತರದ ಊರಿನ ಕೆರೆ ಯುದ್ಧದ ಹಾರುದೋಣಿಗಳಿಗೆ ಬಂದರಾಗಿತ್ತು ಎಂದರೆ ಈಗಿನವರು ನಂಬುವುದು ಕಷ್ಟ. ಅದೇ ಕೆರೆಯ ನೊರೆ 2015ರಲ್ಲಿ ಹೊತ್ತಿ ಉರಿಯಿತು. 2018ರ ಜನವರಿಯಲ್ಲಿ ಮತ್ತೆ ಬೆಂಕಿ ಬಿದ್ದಾಗ ನಂದಿಸಲು ಸೈನಿಕರು ಇಳಿಯಬೇಕಾಯಿತು. ಇವತ್ತು ಅಲ್ಲಿ ಎಂಜಿನ್ ನಿಂತ ಹಾರುದೋಣಿಯೊಂದು ಇಳಿಯಲು ನೋಡಿದರೆ ಪೈಲಟ್‌ಗೆ ಮೊದಲು ಅಡ್ಡ ಬರುವುದು ಸುತ್ತಲಿನ ಅಪಾರ್ಟ್‌ಮೆಂಟುಗಳು.

ಈಚೆಗೆ ಮತ್ತೆ ಸೀಪ್ಲೇನ್ ಮಾತು ಎದ್ದಿದೆ. 2020ರ ಅಕ್ಟೋಬರ್ 31ರಂದು ಕೇವಡಿಯಾಕ್ಕೂ ಸಾಬರಮತಿ ನದಿಗೂ ನಡುವೆ ಒಂದು ಹಾರಿತು. 2024ರ ನವೆಂಬರಿನಲ್ಲಿ ಕೊಚ್ಚಿಯ ಬೋಳ್ಗಾಟ್ಟಿಯಿಂದ ಮುನ್ನಾರ್ ಬಳಿಯ ಮಾಟ್ಟುಪೆಟ್ಟಿ ಜಲಾಶಯಕ್ಕೆ ಇನ್ನೊಂದು ಪ್ರಯೋಗ ನಡೆಯಿತು. ಕೇರಳ 2013ರಲ್ಲೇ ಅಷ್ಟಮುಡಿ ಕೆರೆಯಲ್ಲಿ ಉದ್ಘಾಟನೆ ಮಾಡಿತ್ತು. ಬಲೆ ಹಾಕುವ ನೀರಿನಲ್ಲಿ ವಿಮಾನ ಓಡಿಸಿದರೆ ನಮ್ಮ ಗತಿಯೇನು ಎಂದು ಮೀನುಗಾರರು ತಿರುಗಿ ಬಿದ್ದರು. ಅವರದ್ದು ಅಭಿವೃದ್ಧಿ ವಿರೋಧ ಎಂದು ಆಗ ಕೆಲವರು ಬರೆದರು. ನನಗೆ ಹಾಗನ್ನಿಸಿರಲಿಲ್ಲ. ಮೇಲಿಂದ ನೋಡಿದರೆ ಕೆರೆ ಖಾಲಿ; ಬಲೆ ಬಿಟ್ಟವನಿಗೆ ಅದು ತುಂಬಿದ ಹೊಲ.

ಹುಬ್ಬಳ್ಳಿಯಿಂದ ನರಗುಂದಕ್ಕೆ ಬಸ್ಸು ನವಲಗುಂದದ ಮೇಲೆ ಹೋಗುತ್ತದೆ. ನವಲಗುಂದ ದಾಟಿದ ಮೇಲೆ ಎರೆಭೂಮಿ ತನ್ನ ಪೂರ್ಣ ಗಾತ್ರದಲ್ಲಿ ಎದುರಾಯಿತು. ರಸ್ತೆಯ ಎರಡೂ ಬದಿ ಕಡ್ಲಿ, ಕುಸುಬಿ, ತೆನೆ ಹಿಡಿದ ಬಿಳಿಜೋಳ, ಅಲ್ಲಲ್ಲಿ ಗೋಧಿ. ಎತ್ತರ ಎಂಬುದು ದೂರದ ನರಗುಂದದ ಗುಡ್ಡಕ್ಕೆ ಮಾತ್ರ. 1858ರಲ್ಲಿ ಅರಸ ಬಾಬಾಸಾಹೇಬ ಬ್ರಿಟಿಷರ ವಿರುದ್ಧ ಎದ್ದದ್ದು ಇದೇ ಗುಡ್ಡದ ಊರಿನಿಂದ. ನನ್ನ ಮುಂದಿನ ಸೀಟಿನವರು ಬಸ್ಸು ಹತ್ತಿದಾಗಿನಿಂದ ಉಳ್ಳಾಗಡ್ಡಿ ದರದ ಬಗ್ಗೆ ಫೋನಿನಲ್ಲಿ ಜಗಳವಾಡುತ್ತಲೇ ಇದ್ದರು. ನಾನು ಕಿಟಕಿಯಲ್ಲಿ ಪೈಲಟ್ ಆಗಿದ್ದೆ. ಇಲ್ಲಿ ಇಳಿಯಬಹುದು, ಇಲ್ಲೂ ಇಳಿಯಬಹುದು, ಇಲ್ಲಿ ಬೇಡ, ಕಂಬಗಳಿವೆ. ಇಷ್ಟು ವಿಶಾಲವಾದ, ಇಷ್ಟು ಸಪಾಟಾದ ನೆಲ ಇರುವಾಗ ಎಂಜಿನ್ ನಿಂತರೂ ಏನು ಚಿಂತೆ ಎನ್ನಿಸುವಂತಿತ್ತು.

1932ರ ಅಕ್ಟೋಬರಿನಲ್ಲಿ ದಖನ್ನಿನ ಇಂಥದೇ ಬಯಲಿನ ಮೇಲೆ ನೆವಿಲ್ ವಿನ್ಸೆಂಟ್ ಹಾರಿದ್ದ. ಜೆ.ಆರ್.ಡಿ. ಟಾಟಾ ಕರಾಚಿಯಿಂದ ಮುಂಬಯಿಗೆ ತಂದ ಟಪಾಲನ್ನು ಪುಸ್ ಮಾತ್ ಎಂಬ ಒಂಟಿ ಎಂಜಿನ್ನಿನ ವಿಮಾನದಲ್ಲಿ ಬಳ್ಳಾರಿಯ ಮೇಲೆ ಮದ್ರಾಸಿಗೆ ಒಯ್ದವನು ಅವನು. ನಮ್ಮ ದೇಶದ ವಿಮಾನಯಾನದ ಮೊದಲ ಪುಟದಲ್ಲೇ ಬಳ್ಳಾರಿಯ ಹೆಸರಿದೆ ಎಂಬುದು ಬಳ್ಳಾರಿಯವರಿಗೂ ಅಷ್ಟಾಗಿ ನೆನಪಿಲ್ಲ. ದಾರಿ ತೋರಿಸುವ ರೇಡಿಯೋ ಅವರ ಬಳಿ ಇರಲಿಲ್ಲ. ಅಹಮದಾಬಾದಿನಲ್ಲಿ ಪೆಟ್ರೋಲಿನ ಡಬ್ಬಿಗಳು ಎತ್ತಿನ ಗಾಡಿಯಲ್ಲಿ ಬಂದವು. ಅಂಥ ವಿಮಾನದ ಪೈಲಟ್ ಹಾರುವಷ್ಟು ಹೊತ್ತೂ ಕೆಳಗೊಂದು ಹೊಲ ಆರಿಸಿಟ್ಟುಕೊಂಡೇ ಇರಬೇಕು. ಆ ಹೊಲ ಹಿಂದಕ್ಕೆ ಸರಿದರೆ ಮುಂದಿನದು. ಅಕ್ಟೋಬರ್ ಎಂದರೆ ಎರೆನಾಡಿನಲ್ಲಿ ಹಿಂಗಾರಿ ಬಿತ್ತನೆಯ ಕಾಲ. ಕೂರಿಗೆ ಹಿಡಿದವನು ತಲೆಯೆತ್ತಿ ನೋಡಿದ್ದರೂ ನೋಡಿರಬಹುದು.

ಹೊಲದಲ್ಲಿ ಇಳಿಯುವ ಪ್ರಸಂಗ ನಮ್ಮ ಭಾಗಕ್ಕೆ ಹಳೆಯ ಕತೆಯೇನೂ ಅಲ್ಲ. 2023ರ ಮೇ 30, ಮಂಗಳವಾರ ಬೆಳಿಗ್ಗೆ ಬೆಳಗಾವಿಯ ಸಾಂಬ್ರಾದಿಂದ ಎದ್ದ ತರಬೇತಿ ವಿಮಾನವೊಂದು ಹಾರುತ್ತಿದ್ದಂತೆಯೇ ತಾಂತ್ರಿಕ ತೊಂದರೆಗೆ ಸಿಕ್ಕಿ ಹೊನ್ನಿಹಾಳದ ಹೊಲದಲ್ಲಿ ಇಳಿಯಿತು. ಒಳಗಿದ್ದ ಇಬ್ಬರೂ ಸಣ್ಣಪುಟ್ಟ ಗಾಯದೊಂದಿಗೆ ಬದುಕಿದರು. ಮೇ ಕೊನೆ ಎಂಬುದನ್ನು ಗಮನಿಸಬೇಕು: ಮುಂಗಾರು ಇನ್ನೂ ಬಂದಿಲ್ಲ, ಹೊಲದಲ್ಲಿ ನಿಂತ ಬೆಳೆಯಿಲ್ಲ, ನೆಲ ಗಟ್ಟಿ. ಇಂಥದ್ದು ಎಲ್ಲರಿಗೂ ಸಿಗುವುದಿಲ್ಲ. 2009ರ ಮಾರ್ಚ್ 6ರಂದು ಸಾರಸ್ ವಿಮಾನ ಬಿಡದಿಯ ಹತ್ತಿರ ಬಿತ್ತಲ್ಲ, ಅದರ ಎಂಜಿನ್ ತಾನಾಗಿ ಕೆಟ್ಟದ್ದಲ್ಲ. ಗಾಳಿಯಲ್ಲಿ ನಿಲ್ಲಿಸಿ ಮತ್ತೆ ಹೊತ್ತಿಸುವ ಪರೀಕ್ಷೆ ಅದು. ವಾಯುಪಡೆಯ ಮೂವರು ಅಧಿಕಾರಿಗಳು ತೀರಿಕೊಂಡರು. ಅವರು ನುರಿತವರಲ್ಲವೆಂದು ಯಾರೂ ಹೇಳಲಾರರು. ಪತ್ರಿಕೆಗಳಲ್ಲಿ ‘ಪೈಲಟ್ ಚಾಕಚಕ್ಯತೆ, ತಪ್ಪಿದ ಅನಾಹುತ’ ಎಂಬ ತಲೆಬರಹ ಕಂಡಾಗಲೆಲ್ಲ ನನಗೆ ಕಸಿವಿಸಿ. ಚಾಕಚಕ್ಯತೆ ನಿಜ. 2009ರ ಜನವರಿ 15ರಂದು ನ್ಯೂಯಾರ್ಕಿನ ಹಡ್ಸನ್ ನದಿಯ ಮೇಲೆ 155 ಜನರನ್ನು ಇಳಿಸಿದ ಸಲ್ಲೆನ್‌ಬರ್ಗರ್ ಅದಕ್ಕೆ ದೊಡ್ಡ ಸಾಕ್ಷಿ. ಹೆಬ್ಬಾತುಗಳು ನುಗ್ಗಿ ಎರಡೂ ಎಂಜಿನ್ ಹೋದಾಗ ಆತ ನದಿ ಆರಿಸಿದ. ಆದರೆ ಆರಿಸಲು ಅಲ್ಲಿ ಒಂದು ನದಿ ಇತ್ತು. ಹೊನ್ನಿಹಾಳದಲ್ಲಿ ಒಂದು ಹೊಲ ಇತ್ತು. ಆ ಹೊಲವನ್ನು ಹಾಗೆ ಹರವಾಗಿ ಇಟ್ಟವರ ಹೆಸರು ಯಾವ ತಲೆಬರಹದಲ್ಲೂ ಬರುವುದಿಲ್ಲ.

ಚಿಕ್ಕನರಗುಂದ ತಲುಪಿದಾಗ ಬಿಸಿಲೇರಿತ್ತು. ಈ ಊರಿನಲ್ಲಿ ನೀರಿನ ಮಾತನ್ನು ಲಘುವಾಗಿ ಆಡುವಂತಿಲ್ಲ. ನವಿಲುತೀರ್ಥದ ಬಳಿ ಮಲಪ್ರಭೆಗೆ ಅಣೆಕಟ್ಟು ಬಿತ್ತು, ಬಲದಂಡೆ ಕಾಲುವೆ ಬಂತು, ಕಾಲುವೆಯ ಬೆನ್ನಿಗೆ ಕರವೂ ಬಂತು. ಹೊಲಕ್ಕೆ ಸರಿಯಾಗಿ ನೀರೇ ಬಾರದೆ ಅಭಿವೃದ್ಧಿ ಕರ ಕಟ್ಟಿ ಎಂದಾಗ ರೈತರು ಎದ್ದರು. 1980ರ ಜುಲೈ 21ರಂದು ನರಗುಂದದಲ್ಲಿ ಗೋಲಿಬಾರ್ ಆಯಿತು. ಅಂದು ಸತ್ತ ಈರಪ್ಪ ಕಡ್ಲಿಕೊಪ್ಪ ಈ ಚಿಕ್ಕನರಗುಂದದವರು. ನವಲಗುಂದದಲ್ಲಿ ಅಳಗವಾಡಿಯ ಬಸಪ್ಪ ಲಕ್ಕುಂಡಿ ಸತ್ತರು. ರಾಜ್ಯದ ರೈತ ಚಳವಳಿ ಬೆಂಕಿ ಹಚ್ಚಿಕೊಂಡದ್ದು ಅಲ್ಲಿಂದ; ಜುಲೈ 21 ಇಲ್ಲಿ ಈಗಲೂ ಹುತಾತ್ಮರ ದಿನ. 2015ರ ಜುಲೈನಲ್ಲಿ ಮಹದಾಯಿಯ ನೀರನ್ನು ಕಳಸಾ ಬಂಡೂರಿಯ ಮೂಲಕ ಮಲಪ್ರಭೆಗೆ ತಿರುಗಿಸಿ ಎಂದು ಮತ್ತೆ ಧರಣಿ ಕೂತದ್ದೂ ನರಗುಂದದಲ್ಲೇ. ಇದೇ ನಾಡು 2019ರ ಆಗಸ್ಟಿನಲ್ಲಿ ಮಲಪ್ರಭೆ, ಬೆಣ್ಣಿಹಳ್ಳ ಎರಡೂ ಉಕ್ಕಿ ಮುಳುಗಿತು. ಕೊಣ್ಣೂರಿನ ಬಳಿ ಹೆದ್ದಾರಿಯೇ ಕಡಿದುಹೋಯಿತು. ಆ ವಾರ ಮೇಲಿಂದ ಹಾರಿದವರಿಗೆ ಸೀಪ್ಲೇನ್ ಇಳಿಸುವಷ್ಟು ನೀರು ಕಂಡಿರಬೇಕು. ಒಳಗೆ ಬೇಲಿ, ಕಂಬ, ಮುಳ್ಳುಕಂಟಿ ಎಲ್ಲ ಮುಳುಗಿದ್ದ ನೀರು.

ಹೊಲದ ಬದುವಿನ ಬೇವಿನ ನೆರಳಲ್ಲಿ ಗೆಳೆಯನ ಕಾಕಾ ಕುಳ್ಳಿನ ಕೆಂಡದ ಮೇಲೆ ಜೋಳದ ತೆನೆ ಸುಡುತ್ತಿದ್ದರು. ಸುಟ್ಟ ತೆನೆಯನ್ನು ಅಂಗೈಯಲ್ಲಿ ತಿಕ್ಕಿ ಕಾಳು ಉದುರಿಸಿ, ಹೊಟ್ಟು ಊದಿ, ಶೇಂಗಾ ಹಿಂಡಿ, ಬೆಲ್ಲ, ಮೊಸರಿನ ಜೊತೆ ಮುಂದಿಟ್ಟರು. ಒಂದೆರಡು ಬೊಗಸೆ ಇಳಿದ ಮೇಲೆ ನಾನು ಬಸ್ಸಿನುದ್ದಕ್ಕೂ ಕಾಡಿದ್ದನ್ನು ಕೇಳಿದೆ. “ಕಾಕಾ, ಈಗ ಮ್ಯಾಲೆ ಹೊಂಟ ಒಂದು ಸಣ್ಣ ಇಮಾನದ ಎಂಜಿನ್ ಬಂದ್ ಬಿತ್ತು ಅನ್ರಿ. ನಿಮ್ಮೂರ ಸೀಮ್ಯಾಗ ಎಲ್ಲಿ ಇಳಸಬಹುದು?”

ಹುಚ್ಚು ಪ್ರಶ್ನೆ ಎಂದು ನಗಬಹುದೆಂದುಕೊಂಡಿದ್ದೆ. ಅವರು ನಗಲಿಲ್ಲ. ತೆನೆ ಮಗುಚುತ್ತ ಕೇಳಿದರು, “ಯಾವ ತಿಂಗಳಾಗ?”

ನಾನು ಓದಿದ ಅಧ್ಯಾಯದಲ್ಲಿ ಈ ಪ್ರಶ್ನೆ ಇರಲಿಲ್ಲ. ಅಮೆರಿಕದ, ಕೆನಡಾದ ಕೆರೆಗಳ ಸುತ್ತ ಬೆಳೆದ ಆ ವಿದ್ಯೆಗೆ ಮಂಜು ಗೊತ್ತು, ಎರೆ ಗೊತ್ತಿಲ್ಲ.

“ಆಷಾಢ ಶ್ರಾವಣದಾಗ ಅಂದ್ರ ಮುಗೀತು. ಒಂದ್ ಹದಾ ಮಳಿ ಬಿದ್ರ ಸಾಕು, ಎರಿ ಎತ್ತಿನ ಕಾಲು ಬಿಡೂದಿಲ್ಲ, ಟ್ರ್ಯಾಕ್ಟರ್ ಹುಗೀತೈತಿ. ನಿಮ್ಮ ಇಮಾನದ ಗಾಲಿ ಎಷ್ಟರದು? ಮುಂದಿನ ಗಾಲಿ ಸಿಕ್ಕೊಂಡ್ರ ಮಕಾಡಿ ಬೀಳತೈತಿ. ಚೈತ್ರ ವೈಶಾಖದಾಗ ನೆಲ ಕಲ್ಲಿನಂಗ ಇರ್ತೈತಿ ಖರೆ, ಆದ್ರ ಬಿರುಕು ಬಿಟ್ಟಿರ್ತೈತಿ. ಕೆಲವೊಂದರಾಗ ನನ್ನ ಕೈ ಮೊಣಕೈತನಾ ಹೋಗ್ತೈತಿ.”

“ಹಂಗಾರ ಈಗ?”

ಎದ್ದು ನಿಂತರು. ಹೊಲವನ್ನು ನಾನು ಅಷ್ಟು ಹೊತ್ತು ನೋಡಿದ್ದೆ, ಅವರು ಓದತೊಡಗಿದರು. ಜೋಳದ ಹೊಲ ಬೇಡ, ದಂಟು ಆಳೆತ್ತರ ಐತಿ, ಹಿಡಿದೆಳೀತೈತಿ. ಕಡ್ಲಿ ಹೊಲ ಆಗಬಹುದು, ಗಿಡ ಮೊಳಕಾಲಿನ ಕೆಳಗ. ಆದರೆ ಬಿತ್ತಿದ ಸಾಲು ಹಿಡಿದು ಬರಬೇಕು. ಸಾಲಿಗೆ ಅಡ್ಡ ಬಂದರೆ ಕುಪ್ಪಳಿಸಿ ಪಲ್ಟಿ. ಈ ಬದುವಿನಿಂದ ಆ ಒಡ್ಡಿನವರೆಗೆ ಸಾಕಾಗದಿದ್ದರೆ ಒಡ್ಡಿಗೆ ಗುದ್ದುತ್ತದೆ, ಅದಕ್ಕೇ ಅಡ್ಡ ಒಡ್ಡಿಲ್ಲದ ಹೊಲ ನೋಡಬೇಕು. ಮೋಟರಿನ ವೈರು ಮೇಲಿಂದ ಕಾಣುವುದಿಲ್ಲ, ಕಂಬ ನೋಡಿಕೊಂಡು ಬರಬೇಕು. ಗಾಳಿ? ತಲೆಗೆ ಸುತ್ತಿದ್ದ ಟವೆಲಿನ ತುದಿ ಬಿಟ್ಟು ನೋಡಿದರು. “ಈಗ ಮೂಡಗಾಳಿ. ರಾಶಿ ಮಷಿನ್ ಬರೂಕಿಂತ ಮದ್ಲ ಕಣದಾಗ ತೂರತಿದ್ವಿ, ಗಾಳಿ ಲೆಕ್ಕ ನಮಗ ಗೊತ್ತೈತಿ. ಗಾಳಿಗೆ ಎದುರಾಗಿ ಬಂದ್ರ ಲಗೂ ನಿಂದರತೈತಿ, ಹೌದಿಲ್ಲೋ?”

ಹೌದು. ಗಾಳಿಗೆ ಎದುರಾಗಿ, ಉಳುಮೆಯ ಸಾಲಿಗೆ ಸಮಾನಾಂತರವಾಗಿ, ಗಿಡ್ಡ ಬೆಳೆಯ ಹೊಲದಲ್ಲಿ, ತಂತಿಯ ಬದಲು ಕಂಬ ಹುಡುಕುತ್ತ. ತರಬೇತಿ ಶಾಲೆಗಳಲ್ಲಿ ಕಲಿಸುವುದೂ ಇದನ್ನೇ. ಒಮ್ಮೆಯೂ ವಿಮಾನ ಹತ್ತದ ಮನುಷ್ಯ ಕೆಂಡ ಕೆದಕುತ್ತ ಅದನ್ನು ಒಪ್ಪಿಸಿದ್ದರು, ಮೇಲೆ ತಿಂಗಳ ಲೆಕ್ಕವನ್ನೂ ಸೇರಿಸಿ. ನಾನು ಬಸ್ಸಿನಲ್ಲಿ ಆರಿಸಿದ್ದ ಹೊಲಗಳಲ್ಲಿ ಅರ್ಧಕ್ಕರ್ಧ ಜೋಳದವು.

ಗೆಳೆಯ ಸೀಪ್ಲೇನ್ ವಿಷಯ ತೆಗೆದ. ನೀರಿನ ಮೇಲೆ ಇಳಿಯುವ ವಿಮಾನ ಎಂದ ಕೂಡಲೇ ಕಾಕಾ ಕೇಳಿದ್ದು, “ಅದಕ್ಕ ಎಷ್ಟ ನೀರು ಬೇಕು?” ಆಳ ಹೆಚ್ಚು ಬೇಡ ಕಾಕಾ, ಸಣ್ಣದಕ್ಕೆ ಮೊಳಕಾಲುದ್ದ ನೀರಿದ್ದರೂ ತೇಲುತ್ತದೆ, ಉದ್ದ ಬೇಕು, ಕಿಲೋಮೀಟರ್ ಲೆಕ್ಕದಲ್ಲಿ ಬೇಕು ಎಂದೆ. ಅವರು ತಮ್ಮ ಕೃಷಿಹೊಂಡದ ಕಡೆ ನೋಡಿದರು. ತಳದಲ್ಲಿ ಒಂದಿಷ್ಟು ಹಸಿರು ನೀರು, ಪೈಪು, ಒಂದು ಕೊಕ್ಕರೆ. “ಹಂಗಾರ ನವಿಲತೀರ್ಥಕ್ಕ ಹೋಗಬೇಕು” ಎಂದರು. ಮೂರು ಸಾವಿರ ಅಡಿಯಿಂದ ಏಳು ಕಿಲೋಮೀಟರು; ನವಿಲುತೀರ್ಥ ಅದರ ಎಷ್ಟೋ ಪಟ್ಟು ಆಚೆಗಿದೆ. ಈ ಊರಿನ ಮೇಲೆ ಎಂಜಿನ್ ನಿಂತ ಸೀಪ್ಲೇನ್ ಜಲಾಶಯ ಮುಟ್ಟುವುದಿಲ್ಲ. ಕಡ್ಲಿ ಹೊಲಕ್ಕೇ ಬರಬೇಕು. ತೇಲಿನ ಚೂಪು ಮೂತಿ ಸಾಲು ಹಿಡಿದು ಜಾರಿದರೆ ಬದುಕಿದ. ಹಸಿ ನೆಲಕ್ಕೆ ನಾಟಿಕೊಂಡರೆ ಇಲ್ಲ.

ಹಾಗೆ ನೋಡಿದರೆ ಈ ಕಡ್ಲಿ ಹೊಲಗಳೂ ಎಷ್ಟು ದಿನ ಹೀಗೆ ಇರುತ್ತವೋ. ಗದಗ ಜಿಲ್ಲೆಯ ಎತ್ತರದ ಜಾಗಗಳಲ್ಲೆಲ್ಲ ಗಾಳಿಯಂತ್ರಗಳು ಎದ್ದಿವೆ, ಅವುಗಳ ಬೆನ್ನಿಗೆ ದಪ್ಪ ತಂತಿಯ ಗೋಪುರಗಳು. ಬೆಂಗಳೂರಿನ ಜಕ್ಕೂರಿನಲ್ಲಿ ಸ್ವಾತಂತ್ರ್ಯ ಬಂದ ಕಾಲಕ್ಕೆ ವಿಮಾನ ಕಲಿಸುವ ಸರ್ಕಾರಿ ಶಾಲೆ ತೆರೆದಾಗ ಸುತ್ತ ರಾಗಿ ಹೊಲ. ಈಗ ಮೇಲ್ಸೇತುವೆ, ಕಟ್ಟಡ. ಅಲ್ಲಿ ಕಲಿಯುವ ಹುಡುಗನ ಎಂಜಿನ್ ಏಳುತ್ತಿದ್ದಂತೆ ಕೈಕೊಟ್ಟರೆ ಅವನು ಏನನ್ನು ಆರಿಸುತ್ತಾನೆ? ವಿಮಾನ ನಿಲ್ದಾಣಗಳ ಪಟ್ಟಿ ಸರ್ಕಾರದ ಬಳಿ ಇದೆ. ನಿಲ್ದಾಣವಲ್ಲದ, ಆದರೂ ಜೀವ ಉಳಿಸಬಲ್ಲ ಬಯಲುಗಳ ಲೆಕ್ಕ ಇಡುವವರಿಲ್ಲ. ಇವೆಲ್ಲ ನನ್ನ ಚಿಂತೆ. ಕಾಕಾನ ಚಿಂತೆ ಬೇರೆಯಿತ್ತು.

“ಇಳಿದ ಅಂತ ತಿಳ್ಕೋರಿ. ಹುಡುಗ ಉಳದ, ಛಲೋ ಆತು, ನೀರು ಕೊಟ್ಟು ಕುಂದರಸ್ತೀವಿ. ಕಡ್ಲಿ ಹೋತಲ್ಲ, ಅದನ್ನ ಯಾರು ಕೊಡ್ತಾರ?”

ಗೆಳೆಯನ ತಮ್ಮ ಫೋನ್ ತೆಗೆದು ಬೆಳೆವಿಮೆಯ ಪಟ್ಟಿ ಓದಿದ. ಬರ, ನೆರೆ, ಕೀಟ, ರೋಗ, ಆಲಿಕಲ್ಲು, ಬಿರುಗಾಳಿ, ಸಿಡಿಲು. ವಿಮಾನ ಇರಲಿಲ್ಲ.

“ಬರೂದಿಲ್ಲ ಬಿಡೋ” ಎಂದರು ಕಾಕಾ. “ಅರ್ಜಿ ಕೊಡಬೇಕು, ತಲಾಠಿ ಬರಬೇಕು, ಪಂಚನಾಮಾ ಆಗಬೇಕು. ಅಷ್ಟರಾಗ ಇಮಾನ ರಿಪೇರಿ ಆಗಿ ಹಾರಿ ಹೋಗಿರ್ತೈತಿ. ಉತಾರದಾಗ ಏನಂತ ಬರಸಬೇಕು?”

ಅಲ್ಲಿಂದ ಮಾತು ಜಮೀನಿನ ಉತಾರಕ್ಕೆ ತಿರುಗಿತು, ಉತಾರದಿಂದ ಅಣ್ಣತಮ್ಮಂದಿರ ವಾಟ್ನಿಗೆ, ವಾಟ್ನಿಯಿಂದ ಕಾಲುವೆಯ ಕೊನೆಯ ಹೊಲಕ್ಕೆ ಈ ಸಲ ನೀರು ಬಿಟ್ಟ ದಿನಗಳ ಲೆಕ್ಕಕ್ಕೆ. ಸಂಜೆಯ ಬಸ್ಸು ಹೋಗುವವರೆಗೂ ಅದೇ ನಡೆದಿತ್ತು.